ಕೊಳಗ, ಚಾವಡಿ, ಸದನ: ಶಾಸಕ ಶಾಂತವೇರಿ ಗೋಪಾಲಗೌಡರು

ತೀರ್ಥಹಳ್ಳಿ ತಾಲ್ಲೂಕಿನ ಆರಗ ಇಂದು ಸಣ್ಣ ಊರು. ವಿಜಯನಗರದ ಅರಸರ ಕಾಲದಲ್ಲಿ ಅದು ಮಲೆರಾಜ್ಯದ ಆಡಳಿತ ಕೇಂದ್ರವಾಗಿತ್ತು. ಬುಕ್ಕರಾಯನ ಆಳ್ವಿಕೆಗೆ ಸೇರಿದ ಕ್ರಿ.ಶ. 1363ರ ಶಾಸನವೊಂದು ಈ ಊರಿನ ಚಾವಡಿಯಲ್ಲಿ ನಡೆದ ನ್ಯಾಯತೀರ್ಮಾನವನ್ನು ದಾಖಲಿಸಿದೆ. ಹೆದ್ದೂರುನಾಡಿನ ತಡತಾಳದ ಪಾರ್ಶ್ವನಾಥ ಬಸದಿಯ ಭೂಮಿಯ ಎಲ್ಲೆಯ ವಿಷಯದಲ್ಲಿ ಬಸದಿಯವರಿಗೂ ನಾಡಿನವರಿಗೂ ವಿವಾದ ಹುಟ್ಟಿತು. ಅಧಿಕಾರಿಗಳು ಹದಿನೆಂಟು ಕಂಪಣಗಳ ಮುಖ್ಯರನ್ನು ಆರಗದ ಚಾವಡಿಗೆ ಕರೆಸಿ, ವಿಚಾರಣೆ ನಡೆಸಿ, ಹಿಂದಿನಿಂದ ನಡೆದುಬಂದ ಎಲ್ಲೆಯನ್ನೇ ಎತ್ತಿಹಿಡಿದರು. ನಾಡಿನವರು ಅದನ್ನು ಒಪ್ಪಿದರು. ಭೂಮಿಯ ತಕರಾರು ಬಲದಿಂದಲ್ಲದೆ ಸಭೆಯಲ್ಲಿ, ಎರಡೂ ಕಡೆಯವರ ಮಾತು ಕೇಳಿ ಇತ್ಯರ್ಥವಾಗಬೇಕೆಂಬುದು ಈ ಶಾಸನದ ಸಾರ.

ಅದೇ ಆರಗದಲ್ಲಿ 1923ರ ಮಾರ್ಚ್ 14ರಂದು ಹುಟ್ಟಿದ ಶಾಂತವೇರಿ ಗೋಪಾಲಗೌಡರು ಮೈಸೂರು ರಾಜ್ಯದ ವಿಧಾನಸಭೆಗೆ ಮೂರು ಬಾರಿ ಆಯ್ಕೆಯಾದರು. ಅವರ ಸಾರ್ವಜನಿಕ ಬದುಕಿನ ಮೂಲವಸ್ತುವೂ ಭೂಮಿಯ ವಿವಾದವೇ. ಶಾಸನ ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳಿವೆ: ಕಲ್ಲಿನ ಮೇಲೆ ಕೆತ್ತಿದ್ದು ಒಂದು, ಶಾಸಕಾಂಗವು ರೂಪಿಸಿದ ಕಾನೂನು ಇನ್ನೊಂದು. ಮಲೆನಾಡಿನ ಗೇಣಿದಾರನ ಹಕ್ಕು ಮೊದಲನೆಯ ಬಗೆಯ ಶಾಸನದಲ್ಲಿ ಎಲ್ಲಿಯೂ ಸ್ಪಷ್ಟವಾಗಿ ಮೂಡಲಿಲ್ಲ. ಅದನ್ನು ಎರಡನೆಯ ಬಗೆಯ ಶಾಸನದಲ್ಲಿ ಬರೆಯಿಸಲು ಹೆಣಗಿದವರಲ್ಲಿ ಗೋಪಾಲಗೌಡರು ಪ್ರಮುಖರು. ಇಂದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಅವರು ಪರಿಚಿತರಾಗಿರುವುದು ಹೆಚ್ಚಾಗಿ ಒಂದು ಕಾದಂಬರಿಯ ಮೂಲಕ. ಆ ಪರಿಚಯ ಸುಳ್ಳಲ್ಲ, ಆದರೆ ಸಾಲದು. ಶಾಸಕರಾಗಿ ಅವರು ನಡೆದ ದಾರಿಯನ್ನು ಪ್ರತ್ಯೇಕವಾಗಿ ಗುರುತಿಸಬೇಕಾಗಿದೆ.

ಗೋಪಾಲಗೌಡರು ಬೆಳೆದ ತೀರ್ಥಹಳ್ಳಿಯ ಪರಿಸರ ಇಪ್ಪತ್ತನೆಯ ಶತಮಾನದ ಕನ್ನಡ ಸಂಸ್ಕೃತಿಗೆ ಹಲವರನ್ನು ನೀಡಿದೆ. ಕುಪ್ಪಳಿಯ ಕುವೆಂಪು, ಮೇಳಿಗೆಯ ಯು.ಆರ್. ಅನಂತಮೂರ್ತಿ, ಮೈಸೂರು ರಾಜ್ಯದ ಕಂದಾಯ ಸಚಿವರಾಗಿಯೂ 1956ರಲ್ಲಿ ಕೆಲಕಾಲ ಮುಖ್ಯಮಂತ್ರಿಯಾಗಿಯೂ ಇದ್ದ ಕಡಿದಾಳ್ ಮಂಜಪ್ಪ ಎಲ್ಲರೂ ಅದೇ ತಾಲ್ಲೂಕಿನವರು. ವಿದ್ಯಾರ್ಥಿಯಾಗಿದ್ದಾಗಲೇ ಗೋಪಾಲಗೌಡರು 1942ರ ಚಲೇಜಾವ್ ಚಳವಳಿಯಲ್ಲಿ ಸೆರೆಮನೆ ಕಂಡರು. ಆ ತಲೆಮಾರಿನ ಅನೇಕ ತರುಣರಂತೆ ಅವರನ್ನೂ ಸೆಳೆದದ್ದು ಜಯಪ್ರಕಾಶ ನಾರಾಯಣ ಮತ್ತು ರಾಮಮನೋಹರ ಲೋಹಿಯಾ ಅವರ ಸಮಾಜವಾದ. ಸ್ವಾತಂತ್ರ್ಯ ಬಂದ ಮೇಲೆ ಅವರ ಸಂಗಡಿಗರಲ್ಲಿ ಹಲವರು ಆಳುವ ಪಕ್ಷದಲ್ಲಿ ನೆಲೆ ಕಂಡುಕೊಂಡರು. ಗೋಪಾಲಗೌಡರು ವಿರೋಧದ ಕಡೆಯಲ್ಲಿ ಉಳಿದರು. ಹಾಗೆ ಉಳಿಯಲು ಕಾರಣವೊಂದು ಬೇಕಿತ್ತು. ಅದು ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೊರೆಯಿತು.

ಸಾಗರ, ಹೊಸನಗರ ತಾಲ್ಲೂಕುಗಳ ನೆಲ ಕಂದಾಯದ ಚರಿತ್ರೆಯಲ್ಲಿ ಹೆಸರಾದದ್ದು. ಕೆಳದಿ, ಇಕ್ಕೇರಿ, ಬಿದನೂರುಗಳು ಇಲ್ಲಿಯೇ ಇವೆ. ಹದಿನೇಳನೆಯ ಶತಮಾನದಲ್ಲಿ ಶಿವಪ್ಪನಾಯಕನು ಭೂಮಿಯನ್ನು ಅಳೆಸಿ, ಅದರ ಗುಣಕ್ಕೆ ತಕ್ಕಂತೆ ವರ್ಗೀಕರಿಸಿ, ಕಂದಾಯ ನಿಗದಿಗೊಳಿಸಿದ ಕ್ರಮ ‘ಶಿಸ್ತು’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ರಾಜ್ಯಕ್ಕೂ ಒಡೆಯನಿಗೂ ನಡುವಿನ ಲೆಕ್ಕವನ್ನು ಅದು ಸರಿಪಡಿಸಿತು. ಒಡೆಯನಿಗೂ ಉಳುವವನಿಗೂ ನಡುವಿನ ಲೆಕ್ಕ ಮಾತ್ರ ಅನಂತರದ ಮೂರು ಶತಮಾನಗಳ ಕಾಲ ಒಡೆಯನ ಕಣದಲ್ಲಿ, ಒಡೆಯನ ಕೊಳಗದಲ್ಲೇ ನಡೆಯಿತು.

ಕೊಳಗವು ಕನ್ನಡ ಶಾಸನಗಳ ಓದುಗರಿಗೆ ಚಿರಪರಿಚಿತ ಪದ. ಖಂಡುಗ, ಕೊಳಗ, ಬಳ್ಳ, ಮಾನ, ಸೊಲಗೆ ಎಂಬ ಅಳತೆಗಳ ಸಾಲಿನಲ್ಲಿ ಅದು ಧಾನ್ಯದ ಅಳತೆಯೂ ಹೌದು, ಅಷ್ಟು ಬೀಜ ಬಿತ್ತುವ ಭೂಮಿಯ ಅಳತೆಯೂ ಹೌದು. ಕಾಗೋಡಿನ ಗೇಣಿದಾರರು ಬಹುಪಾಲು ದೀವರು. ಅವರ ದೂರು ಸರಳವಾಗಿತ್ತು: ಗೇಣಿಯ ಭತ್ತವನ್ನು ಅಳೆದುಕೊಳ್ಳುವಾಗ ಒಡೆಯರು ಬಳಸುತ್ತಿದ್ದ ಕೊಳಗ ಸರ್ಕಾರದ ಅಧಿಕೃತ ಅಳತೆಗಿಂತ ದೊಡ್ಡದಾಗಿತ್ತು. ಒಪ್ಪಂದದಲ್ಲಿ ಗೇಣಿ ಹೆಚ್ಚದೆ, ಲೆಕ್ಕದ ಕಡತದಲ್ಲಿ ಒಂದಕ್ಷರವೂ ಬದಲಾಗದೆ ಕೊಡಬೇಕಾದ ಭತ್ತ ಮಾತ್ರ ಹೆಚ್ಚುತ್ತಿತ್ತು. ಇದರ ಜೊತೆಗೆ ಬಿಟ್ಟಿ ದುಡಿಮೆಯಿತ್ತು. ಉಡುವ ಬಟ್ಟೆಯಲ್ಲೂ ಕೂರುವ ಜಾಗದಲ್ಲೂ ಕೀಳುತನವನ್ನು ತೋರಿಸಿಕೊಳ್ಳಬೇಕಾದ ಕಟ್ಟುಪಾಡುಗಳಿದ್ದವು.

ಜೈನ ಶ್ರಾವಕಾಚಾರವು ಈ ಬಗೆಯ ಅನ್ಯಾಯವನ್ನು ಬಹು ಹಿಂದೆಯೇ ಗುರುತಿಸಿ ಹೆಸರಿಟ್ಟಿದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ‘ಹೀನಾಧಿಕಮಾನೋನ್ಮಾನ’ವನ್ನು ಅವುಗಳಲ್ಲಿ ಸೇರಿಸುತ್ತದೆ. ಕೊಡುವಾಗ ಕಿರಿದಾದ, ಕೊಳ್ಳುವಾಗ ಹಿರಿದಾದ ಅಳತೆ ತೂಕಗಳನ್ನು ಬಳಸುವುದೇ ಆ ದೋಷ. ಅದನ್ನು ವ್ಯಾಪಾರದ ಜಾಣತನವೆಂದು ಬಿಡದೆ ಕಳವಿನ ಪ್ರಭೇದವೆಂದು ಎಣಿಸಿರುವುದು ಗಮನಾರ್ಹ. ಕಾಗೋಡಿನ ರೈತರು ಈ ಸೂತ್ರವನ್ನು ಓದಿದವರಲ್ಲ. ಆದರೆ ಅವರ ಬೇಡಿಕೆ ಮೊದಲು ‘ಭೂಮಿ ನಮ್ಮದು’ ಎಂಬುದಾಗಿರದೆ ‘ಅಳತೆ ಸರಿಯಾಗಿರಲಿ’ ಎಂಬುದಾಗಿತ್ತು. ಅಳತೆಯ ಪ್ರಶ್ನೆಗೆ ಉತ್ತರವಾಗಿ ಒಕ್ಕಲೆಬ್ಬಿಸುವಿಕೆ ಬಂದಾಗ ಬೇಡಿಕೆ ಭೂಮಿಯವರೆಗೆ ಬೆಳೆಯಿತು.

1948ರಲ್ಲಿ ರೈತ ಸಂಘವನ್ನು ಕಟ್ಟಿ ಈ ರೈತರನ್ನು ಸಂಘಟಿಸಿದವರು ಗಾಂಧಿವಾದಿ ಎಚ್. ಗಣಪತಿಯಪ್ಪ. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭವಾಯಿತು. ಕಳೆದುಕೊಂಡ ಗದ್ದೆಗೆ ನೇಗಿಲು ಹೊತ್ತು ಇಳಿಯುವುದು, ಬಂಧನಕ್ಕೆ ಒಳಗಾಗುವುದು, ಮತ್ತೊಂದು ತಂಡ ಅವರ ಜಾಗಕ್ಕೆ ಬರುವುದು ಅದರ ಕ್ರಮ. ಸಮಾಜವಾದಿ ಪಕ್ಷ ಚಳವಳಿಯನ್ನು ಬೆಂಬಲಿಸಿ ಅದರ ಹೊಣೆಯನ್ನು ಹೊತ್ತುಕೊಂಡಾಗ ಗೋಪಾಲಗೌಡರು ಅದರ ಮುಂಚೂಣಿಗೆ ಬಂದರು. ಜೂನ್ ತಿಂಗಳಲ್ಲಿ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದದ್ದರಿಂದ ಮಲೆನಾಡಿನ ಒಂದು ಹಳ್ಳಿಯ ಹೆಸರು ದೇಶದ ಪತ್ರಿಕೆಗಳಿಗೆ ತಲುಪಿತು.

ಈ ಚಳವಳಿಯ ಕೀರ್ತಿ ಯಾರದೆಂಬ ಚರ್ಚೆ ಇಂದಿಗೂ ನಿಂತಿಲ್ಲ. ಗಣಪತಿಯಪ್ಪನವರ ತಳಮಟ್ಟದ ಸಂಘಟನೆಯನ್ನು ಪಕ್ಷದ ಪ್ರಸಿದ್ಧಿ ಮರೆಮಾಡಿತೆಂದು ಒಂದು ಪಕ್ಷ. ಪಕ್ಷ ಬಾರದಿದ್ದರೆ ಹೋರಾಟ ಒಂದು ಊರಿನ ಗಲಭೆಯಾಗಿ ಮುಗಿಯುತ್ತಿತ್ತೆಂದು ಇನ್ನೊಂದು ಪಕ್ಷ. ಎರಡೂ ವಾದಗಳಲ್ಲಿ ಸತ್ಯಾಂಶವಿದೆ. ಗೇಣಿದಾರರು ಮೊದಲು ನಿಂತರು. ಗಣಪತಿಯಪ್ಪ ಅವರನ್ನು ಒಂದುಗೂಡಿಸಿದರು. ಗೋಪಾಲಗೌಡರು ಅವರ ಪ್ರಶ್ನೆಯನ್ನು ಕಾಗೋಡಿನ ಗದ್ದೆಯಿಂದ ಬೆಂಗಳೂರಿನ ಸದನಕ್ಕೆ ಒಯ್ದರು. ಈ ಮೂರರಲ್ಲಿ ಯಾವುದನ್ನು ಕೈಬಿಟ್ಟರೂ ಚರಿತ್ರೆ ಪೂರ್ಣವಾಗುವುದಿಲ್ಲ. ಗೋಪಾಲಗೌಡರ ಕಾಣಿಕೆಯನ್ನು ಮೂರನೆಯ ಘಟ್ಟದಲ್ಲಿ ಗುರುತಿಸಿದರೆ ಅದು ಕುಗ್ಗುವುದಿಲ್ಲ. ಅದರ ನಿಜವಾದ ಸ್ವರೂಪವೇ ತಿಳಿಯುತ್ತದೆ.

ಸತ್ಯಾಗ್ರಹದ ಕಾವು ಆರುವ ಮೊದಲೇ ವಯಸ್ಕ ಮತಾಧಿಕಾರದ ಮೊದಲ ಸಾರ್ವತ್ರಿಕ ಚುನಾವಣೆ ಬಂದಿತು. ಸಾಗರ–ಹೊಸನಗರ ಕ್ಷೇತ್ರದಿಂದ ಸಮಾಜವಾದಿ ಅಭ್ಯರ್ಥಿಯಾಗಿ ಗೋಪಾಲಗೌಡರು ನಿಂತರು. ಕೆಳದಿಯ ಅರಸರ ರಾಜಧಾನಿಗಳೂ ಸಾಂತರ ಅರಸರ ನೆಲೆಯಾದ ಹೊಂಬುಜವೂ ಇರುವ ಸೀಮೆಯದು. ಚುನಾವಣೆಗೆ ಬೇಕಾದ ಹಣ ಅವರಲ್ಲಿರಲಿಲ್ಲ. ‘ಒಂದು ಓಟು, ಒಂದು ನೋಟು’ ಎಂದು ಅವರು ಮತದಾರರ ಮುಂದೆ ಕೈಯೊಡ್ಡಿದರೆಂಬುದು ಮಲೆನಾಡಿನಲ್ಲಿ ಇಂದಿಗೂ ನೆನಪಿನಲ್ಲಿರುವ ಸಂಗತಿ. ಇದನ್ನು ಕೇವಲ ಬಡತನದ ಕಥೆಯಾಗಿ ಹೇಳುವುದು ರೂಢಿ. ಆದರೆ ಅದರಲ್ಲಿ ಒಂದು ರಾಜಕೀಯ ತತ್ತ್ವವೂ ಇದೆ. ಮತದಾರನಿಂದ ಒಂದು ರೂಪಾಯಿ ಪಡೆದ ಪ್ರತಿನಿಧಿ ಮತದಾರನಿಗೆ ಋಣಿ. ಒಡೆಯನಿಂದ ಸಾವಿರಾರು ರೂಪಾಯಿ ಪಡೆದವನು ಒಡೆಯನಿಗೆ ಋಣಿ. ಪ್ರಾತಿನಿಧ್ಯದ ಈ ಲೆಕ್ಕ ಕೊಳಗದ ಲೆಕ್ಕದಷ್ಟೇ ನೇರವಾದದ್ದು.

ಗೋಪಾಲಗೌಡರು ಗೆದ್ದರು. ಅದೇ ಚುನಾವಣೆಯಲ್ಲಿ ಶಿವಮೊಗ್ಗದಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ಲೋಕಸಭೆಗೆ ಆಯ್ಕೆಯಾದವರು ಕೆ.ಜಿ. ಒಡೆಯರ್. ಕಾಗೋಡಿನ ಗೇಣಿದಾರರು ಯಾರ ಗದ್ದೆಗೆ ಇಳಿದಿದ್ದರೋ ಆ ಭೂಮಾಲೀಕರೇ ಅವರು. ಹೀಗೆ ಒಂದೇ ಸೀಮೆಯ ಮತದಾರರು ಗೇಣಿದಾರರ ಪರ ನಿಂತ ತರುಣನನ್ನು ವಿಧಾನಸಭೆಗೂ, ಅವರ ಒಡೆಯರನ್ನು ಲೋಕಸಭೆಗೂ ಕಳುಹಿಸಿದರು. ಪ್ರಜಾಪ್ರಭುತ್ವದ ಮೊದಲ ಫಲಿತಾಂಶ ಎಷ್ಟು ಸಂಕೀರ್ಣವಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಲೋಕಸಭಾ ಕ್ಷೇತ್ರದ ವಿಸ್ತಾರ, ಸ್ವಾತಂತ್ರ್ಯ ತಂದ ಪಕ್ಷವೆಂಬ ಗೌರವ, ಜಾತಿಯ ನಂಟು ಎಲ್ಲವೂ ಅದರ ಹಿಂದೆ ಕೆಲಸ ಮಾಡಿರಬೇಕು.

ಆಗಿನ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 74, ಸಮಾಜವಾದಿಗಳಿಗೆ 3. ಮತಕ್ಕೆ ಹಾಕಿದರೆ ಸೋಲು ಮೊದಲೇ ನಿಶ್ಚಿತವಾದ ಸದನದಲ್ಲಿ ವಿರೋಧ ಪಕ್ಷದ ಸದಸ್ಯ ಏನು ಮಾಡಬಲ್ಲ? ಗೋಪಾಲಗೌಡರ ಮೊದಲ ಅವಧಿ ಈ ಪ್ರಶ್ನೆಗೆ ಉತ್ತರ. ಸಂಖ್ಯೆಯಿಲ್ಲದವನಿಗೆ ಮಾತೇ ಸಾಧನ. ಅವರ ಮಾತು ಕನ್ನಡದಲ್ಲಿತ್ತು. ಗದ್ದೆಯ ಗುರುತುಳ್ಳ ಕನ್ನಡದಲ್ಲಿತ್ತು. ಇಂಗ್ಲಿಷ್ ಉಳ್ಳವರ ಹಾಗೂ ಇಲ್ಲದವರ ನಡುವೆ ಗೋಡೆ ಎತ್ತುತ್ತದೆ, ಜನರ ಭಾಷೆಯಲ್ಲಿ ಆಡಳಿತ ನಡೆಯದೆ ಜನರ ಆಡಳಿತ ಸಾಧ್ಯವಿಲ್ಲ ಎಂಬ ಲೋಹಿಯಾ ವಿಚಾರವನ್ನು ಅವರು ತಮ್ಮ ನಡೆಯಲ್ಲಿ ತೋರಿಸಿದರು. ಗೇಣಿದಾರನ ಪತ್ರ ಅವನಿಗೆ ಓದಲು ಬಾರದ ಭಾಷೆಯಲ್ಲಿದ್ದರೆ ಅದೂ ಒಂದು ಬಗೆಯ ದೊಡ್ಡ ಕೊಳಗವೇ.

ಭೂಮಿ ಮತ್ತು ಭಾಷೆ ಅವರಿಗೆ ಬೇರೆ ಬೇರೆ ವಿಷಯಗಳಾಗಿರಲಿಲ್ಲ. ಇದು ಏಕೀಕರಣದ ಸಂದರ್ಭದಲ್ಲಿ ಸ್ಪಷ್ಟವಾಯಿತು. ಕನ್ನಡ ಪ್ರದೇಶಗಳೆಲ್ಲ ಒಂದಾದರೆ ಹಳೆಯ ಮೈಸೂರಿನ ಸಂಪತ್ತು ಹಂಚಿಹೋಗುತ್ತದೆ, ಜಾತಿಗಳ ಬಲಾಬಲ ಬದಲಾಗುತ್ತದೆ ಎಂಬ ಅಂಜಿಕೆ ಅಲ್ಲಿನ ಅನೇಕ ನಾಯಕರಲ್ಲಿತ್ತು. ಆ ಅಂಜಿಕೆಯ ಲಾಭ ಪಡೆಯಬಹುದಾಗಿದ್ದ ಸಮುದಾಯದಲ್ಲೇ ಹುಟ್ಟಿದ ಗೋಪಾಲಗೌಡರು ಏಕೀಕರಣದ ಪರವಾಗಿ ನಿಂತರು. 1956ರ ನವೆಂಬರ್ 1ರಂದು ರಾಜ್ಯ ಒಂದಾಯಿತು. ಹೆಸರು ಮಾತ್ರ ಮೈಸೂರು ಎಂದೇ ಉಳಿಯಿತು. ಅದು ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಆ ಹೊತ್ತಿಗೆ ಗೋಪಾಲಗೌಡರು ತೀರಿಕೊಂಡು ಒಂದು ವರ್ಷ ದಾಟಿತ್ತು.

1957ರ ಚುನಾವಣೆಯಲ್ಲಿ ಅವರು ಸೋತರು. ವಿಶಾಲ ರಾಜ್ಯದ ಮೊದಲ ವಿಧಾನಸಭೆಯಲ್ಲಿ ಅವರಿಗೆ ಸ್ಥಾನವಿರಲಿಲ್ಲ. ಭೂಸುಧಾರಣೆಯ ಕಾನೂನು ಸಿದ್ಧವಾದದ್ದು ಇದೇ ಅವಧಿಯಲ್ಲಿ ಎಂಬುದು ಅವರ ಬದುಕಿನ ದೊಡ್ಡ ವಿಪರ್ಯಾಸ. ಬಿ.ಡಿ. ಜತ್ತಿ ಸಮಿತಿಯ ವರದಿ, ಅದನ್ನು ಅನುಸರಿಸಿದ ಮಸೂದೆ, ಕಡೆಗೆ 1961ರ ಮೈಸೂರು ಭೂಸುಧಾರಣಾ ಕಾಯಿದೆ ಎಲ್ಲವೂ ಅವರು ಸದನದ ಹೊರಗಿದ್ದಾಗ ನಡೆದವು. ಕಾಯಿದೆ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಗಾಂಧೀ ಜಯಂತಿಯ ದಿನ ಹೊರಟ ಆ ಕಾನೂನಿನಲ್ಲಿ ಸ್ವಂತ ಬೇಸಾಯದ ಹೆಸರಿನಲ್ಲಿ ಒಡೆಯನು ಗೇಣಿಯ ಭೂಮಿಯನ್ನು ಮರಳಿ ಪಡೆಯಲು ಅವಕಾಶವಿತ್ತು. ನಾಲ್ಕು ವರ್ಷಗಳ ವಿಳಂಬ ಒಡೆಯರಿಗೆ ಕಾಗದಪತ್ರಗಳನ್ನು ಸರಿಪಡಿಸಿಕೊಳ್ಳಲು ಸಾಕಷ್ಟು ಸಮಯ ನೀಡಿತು. ಉಳುವವನ ಹೆಸರೇ ದಾಖಲೆಯಲ್ಲಿ ಇಲ್ಲದ ಮಲೆನಾಡಿನಲ್ಲಿ ಇಂಥ ರಂಧ್ರದ ಪರಿಣಾಮವೇನೆಂದು ವಿವರಿಸಬೇಕಾಗಿಲ್ಲ.

1962ರಲ್ಲಿ ತೀರ್ಥಹಳ್ಳಿಯಿಂದ ಗೆದ್ದು ಗೋಪಾಲಗೌಡರು ಸದನಕ್ಕೆ ಮರಳಿದರು. ಈ ಅವಧಿಯಲ್ಲಿ 1963ರ ರಾಜಭಾಷಾ ಕಾಯಿದೆ ಕನ್ನಡಕ್ಕೆ ಆಡಳಿತ ಭಾಷೆಯ ಸ್ಥಾನವನ್ನು ಕೊಟ್ಟಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ಅವರ ಹಳೆಯ ಕ್ಷೇತ್ರದ ಹಳ್ಳಿಗಳನ್ನು ನುಂಗಿತು. 1967ರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷದಿಂದ ಅವರು ಅದೇ ಕ್ಷೇತ್ರದಿಂದ ಮತ್ತೆ ಗೆದ್ದರು. 216 ಸದಸ್ಯರ ಆ ಸದನದಲ್ಲಿ ಅವರ ಪಕ್ಷಕ್ಕೆ ದೊರೆತ ಸ್ಥಾನಗಳು ಆರು. ಹದಿನೈದು ವರ್ಷಗಳಲ್ಲಿ ಮೂರರಿಂದ ಆರಕ್ಕೆ ಏರಿದ ಈ ಸಂಖ್ಯೆಯನ್ನು ನೋಡಿದವರಿಗೆ ಸಮಾಜವಾದಿ ರಾಜಕಾರಣ ವಿಫಲವೆಂದು ತೋರುವುದು ಸಹಜ.

ಆದರೆ ಆ ಸಂಖ್ಯೆಯ ಒಳಗೆ ಯಾರಿದ್ದರೆಂದು ನೋಡಬೇಕು. ಸೊರಬದಿಂದ ಗೆದ್ದ ಎಸ್. ಬಂಗಾರಪ್ಪ ಅದೇ ವರ್ಷ ಮೊದಲ ಬಾರಿಗೆ ಸದನ ಪ್ರವೇಶಿಸಿದರು; ಶಿವಮೊಗ್ಗದಿಂದ ಲೋಕಸಭೆಗೆ ಹೋದ ಜೆ.ಎಚ್. ಪಟೇಲ್ ಅಲ್ಲಿ ಕನ್ನಡದಲ್ಲಿ ಮಾತನಾಡಿ ದೇಶದ ಗಮನ ಸೆಳೆದರು. ಇಬ್ಬರೂ ಮುಂದೆ ಕರ್ನಾಟಕದ ಮುಖ್ಯಮಂತ್ರಿಗಳಾದರು. 1972ರಲ್ಲಿ ಗೋಪಾಲಗೌಡರ ತೀರ್ಥಹಳ್ಳಿಯಿಂದ ಕೋಣಂದೂರು ಲಿಂಗಪ್ಪ, ಸಾಗರದಿಂದ ಕಾಗೋಡು ತಿಮ್ಮಪ್ಪ ಸಮಾಜವಾದಿಗಳಾಗಿ ಆಯ್ಕೆಯಾದರು. ಯಾವ ಊರಿನ ದೀವರು ಒಡೆಯರ ಮುಂದೆ ಸಮನಾಗಿ ಕೂರಲು ಅವಕಾಶವಿಲ್ಲವೆಂದು ದೂರಿದ್ದರೋ ಆ ಊರಿನ, ಆ ಸಮುದಾಯದ ತಿಮ್ಮಪ್ಪನವರು 2013ರಲ್ಲಿ ವಿಧಾನಸಭೆಯ ಅಧ್ಯಕ್ಷಪೀಠದಲ್ಲಿ ಕುಳಿತರು. ಶಾಸಕನೊಬ್ಬನ ಸಾಧನೆಯನ್ನು ಅವನು ಮಂಡಿಸಿದ ಮಸೂದೆಗಳಿಂದ ಮಾತ್ರ ಅಳೆದರೆ ಇದು ಲೆಕ್ಕಕ್ಕೆ ಸಿಗದೆ ಹೋಗುತ್ತದೆ.

ಮೂರು ಅವಧಿಗಳಲ್ಲಿಯೂ ಗೋಪಾಲಗೌಡರು ಆಡಳಿತ ಪಕ್ಷದ ಸಾಲಿನಲ್ಲಿ ಕೂರಲಿಲ್ಲ. ಕಡೆಯ ವರ್ಷಗಳಲ್ಲಿ ಆರೋಗ್ಯ ಕೆಟ್ಟಿತು. 1972ರ ಜೂನ್ 9ರಂದು, ಐವತ್ತು ತುಂಬುವ ಮೊದಲೇ, ಅವರು ನಿಧನರಾದರು. ಅವರ ಬಡತನದ ಕುರಿತು ಅನೇಕ ಪ್ರಸಂಗಗಳು ಪ್ರಚಾರದಲ್ಲಿವೆ. ಅವುಗಳಲ್ಲಿ ದಂತಕಥೆಯೂ ಬೆರೆತಿರಬಹುದು. ನಿರ್ವಿವಾದವಾದ ಅಂಶ ಇಷ್ಟು: ಹದಿನಾಲ್ಕು ವರ್ಷ ಶಾಸಕರಾಗಿದ್ದವರು ಸಂಪತ್ತು ಗಳಿಸಲಿಲ್ಲ. ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳುವುದನ್ನು ಶ್ರಾವಕಾಚಾರ ವ್ರತವೆಂದು ಕರೆಯುತ್ತದೆ. ಪರರ ಭೂಮಿಗೆ ಮಿತಿ ವಿಧಿಸುವ ಕಾನೂನನ್ನು ಕೇಳುವವನು ಆ ಮಿತಿಯನ್ನು ಮೊದಲು ತನ್ನ ಮೇಲೆ ಹೇರಿಕೊಂಡಿರಬೇಕೆಂಬ ನಿರೀಕ್ಷೆ ಜನರಲ್ಲಿರುತ್ತದೆ. ಗೋಪಾಲಗೌಡರ ಮಾತಿಗೆ ಸಂಖ್ಯಾಬಲ ಮೀರಿದ ತೂಕ ಬಂದದ್ದು ಈ ಕಾರಣದಿಂದ.

ಸಾಹಿತಿಗಳೊಡನೆ ಅವರಿಗಿದ್ದ ಸ್ನೇಹ ಇನ್ನೊಂದು ಬಗೆಯ ಆಯುಷ್ಯವನ್ನು ಅವರಿಗೆ ನೀಡಿತು. ಗೋಪಾಲಕೃಷ್ಣ ಅಡಿಗರು ಅವರನ್ನು ಕುರಿತು ‘ಶಾಂತವೇರಿಯ ಅಶಾಂತ ಸಂತ’ ಎಂಬ ಕವನ ಬರೆದರು. ರಾಜಕೀಯವಾಗಿ ಅಡಿಗರು ಬೇರೆ ಪಾಳೆಯದವರು; 1971ರಲ್ಲಿ ಜನಸಂಘದ ಬೆಂಬಲದಿಂದ ಲೋಕಸಭೆಗೆ ಸ್ಪರ್ಧಿಸಿದವರು. ವಿಚಾರಭೇದವನ್ನು ದಾಟಿದ ಈ ಗೌರವ ಆ ಕಾಲದ ಸಾರ್ವಜನಿಕ ಜೀವನದ ಸ್ವಭಾವವನ್ನೂ ಹೇಳುತ್ತದೆ. 1978ರಲ್ಲಿ ಅನಂತಮೂರ್ತಿಯವರ ‘ಅವಸ್ಥೆ’ ಪ್ರಕಟವಾಯಿತು. 1987ರಲ್ಲಿ ಕೃಷ್ಣ ಮಾಸಡಿಯವರು ಅದನ್ನು ಚಲನಚಿತ್ರವಾಗಿಸಿದರು. ಕಾಯಿಲೆಯಿಂದ ಹಾಸಿಗೆ ಹಿಡಿದ, ಅಧಿಕಾರದ ಹೊಸ್ತಿಲಲ್ಲಿ ತನ್ನನ್ನೇ ಪರೀಕ್ಷಿಸಿಕೊಳ್ಳುವ ಕೃಷ್ಣಪ್ಪ ಗೌಡನಲ್ಲಿ ಗೋಪಾಲಗೌಡರ ಛಾಯೆಯನ್ನು ಓದುಗರು ಕಂಡರು.

ಇಲ್ಲಿ ಸಂಶೋಧಕ ಎಚ್ಚರದಿಂದಿರಬೇಕು. ಕೃಷ್ಣಪ್ಪ ಎದುರಿಸುವುದು ಅಧಿಕಾರದ ಆಮಿಷವನ್ನು. ಆತನ ಕಥೆ ಆದರ್ಶ ಸವೆಯುವ ಕಥೆ. ಗೋಪಾಲಗೌಡರು ಎದುರಿಸಿದ್ದು ಹೆಚ್ಚಾಗಿ ಅಲ್ಪಮತದ ಒಂಟಿತನವನ್ನು. ಅವರದು ಫಲ ಕಾಣದೆ ದುಡಿದ ಕಥೆ. ಕಾದಂಬರಿಯು ವ್ಯಕ್ತಿಯ ಒಳಗನ್ನು ಶೋಧಿಸಲು ಅವರ ಬದುಕಿನ ಆಕಾರವನ್ನು ಎರವಲು ಪಡೆಯಿತು. ಅದು ಕಾದಂಬರಿಕಾರನ ಹಕ್ಕು. ಆದರೆ ಕಾದಂಬರಿಯಿಂದ ವ್ಯಕ್ತಿಯ ಚರಿತ್ರೆಯನ್ನು ಹಿಂದಕ್ಕೆ ಬರೆಯತೊಡಗಿದರೆ ಕಾಗೋಡಿನ ಗೇಣಿದಾರರೂ, ಗಣಪತಿಯಪ್ಪನವರೂ, ವಿಧಾನಸಭೆಯ ನಡವಳಿಗಳಲ್ಲಿ ಅಚ್ಚಾಗಿರುವ ಭಾಷಣಗಳೂ ಹಿನ್ನೆಲೆಗೆ ಸರಿಯುತ್ತವೆ. ಆ ನಡವಳಿಗಳು ಕನ್ನಡ ಗದ್ಯದ ಆಕರಗಳೂ ಹೌದು. ಶಾಸನಗಳ ಪಾಠವನ್ನು ಓದುವಷ್ಟೇ ಶ್ರದ್ಧೆಯಿಂದ ಅವನ್ನು ಓದುವ ಕೆಲಸ ಸಾಹಿತ್ಯದ ವಿದ್ಯಾರ್ಥಿಗಳಿಗೆ ಸಲ್ಲಬೇಕಾದದ್ದು.

1952ರ ಅದೇ ವಿಧಾನಸಭೆಗೆ ಹುಣಸೂರಿನಿಂದ ಆಯ್ಕೆಯಾಗಿದ್ದ ಡಿ. ದೇವರಾಜ ಅರಸು 1972ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿಯಾದರು. ಅವರ ಸರ್ಕಾರದ ತಿದ್ದುಪಡಿಯಂತೆ 1974ರ ಮಾರ್ಚ್ 1ರಿಂದ ಗೇಣಿಯ ಭೂಮಿಯೆಲ್ಲ ಸರ್ಕಾರದಲ್ಲಿ ನಿಹಿತವಾಯಿತು. ಉಳುವವನು ಭೂನ್ಯಾಯಮಂಡಳಿಯ ಮುಂದೆ ಅರ್ಜಿ ಹಾಕಿ ಅದರ ಒಡೆತನ ಪಡೆಯುವಂತಾಯಿತು. 1961ರ ಕಾಯಿದೆಯಲ್ಲಿದ್ದ ಮರಳಿ ಪಡೆಯುವ ದಾರಿ ಮುಚ್ಚಿತು. ಆ ಶಾಸನಕ್ಕೆ ಮತ ಹಾಕಲು ಗೋಪಾಲಗೌಡರು ಇರಲಿಲ್ಲ. ತಾಲ್ಲೂಕು ಕೇಂದ್ರಗಳಲ್ಲಿ ಮಂಡಳಿಗಳು ಕುಳಿತವು. ಗೇಣಿದಾರರನ್ನೂ ಒಡೆಯರನ್ನೂ ಕರೆಸಿ, ಸಾಕ್ಷ್ಯ ಕೇಳಿ, ಗದ್ದೆ ಯಾರು ಉಳುತ್ತಿದ್ದರೆಂದು ತೀರ್ಮಾನಿಸಿದವು. ಆರಗದ ಚಾವಡಿಯಲ್ಲಿ 1363ರಲ್ಲಿ ಕೇಳಿದ ಪ್ರಶ್ನೆ ಎಲ್ಲೆ ಎಲ್ಲಿದೆ ಎಂಬುದಾಗಿತ್ತು. ಈ ಚಾವಡಿಗಳಲ್ಲಿ ಕೇಳಿದ ಪ್ರಶ್ನೆ ನೇಗಿಲು ಹಿಡಿದವರು ಯಾರು ಎಂಬುದು.